ಪೂರ್ವಸೂರಿಯ ಋಣ: ‘ಬರ್ಡ್ ಕಾಲ್ಸ್’ ಎಂಬ ಧ್ವನಿಮುದ್ರಿಕೆಯ ವಿಚಾರ

ಪೂರ್ವಸೂರಿಗಳ ಋಣವನ್ನು ತೀರಿಸುವ ಬಗೆಗಳು ಎರಡು. ಅವರು ನುಡಿದುದನ್ನೇ ಅವರ ಧ್ವನಿಯಲ್ಲಿ ಮತ್ತೊಮ್ಮೆ ನುಡಿಯುವದು ಒಂದು ಬಗೆ. ಅವರು ತಮ್ಮ ಹಿರಿಯರಿಂದ ಹೇಗೆ ಕೊಂಡರೋ ಆ ಕೊಳ್ಳುವ ರೀತಿಯನ್ನು ಕಲಿತು, ತನ್ನ ಮಾತನ್ನು ತಾನು ನುಡಿಯುವದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಭಕ್ತಿಯುಂಟು, ಭಯವಿಲ್ಲ. ಎರಡನೆಯದರಲ್ಲಿ ಭಕ್ತಿಯೂ ಉಂಟು, ಎಡವುವ ಭಯವೂ ಉಂಟು. ನಮ್ಮ ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವಾಗಿದ್ದ ಕಾಲದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸುವಾಗ ದಂಡಿಯ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡಿದ್ದನು. ಅಲ್ಲಿಂದ ಲಕ್ಷಣಗಳನ್ನು ತೆಗೆದುಕೊಂಡನು. ಆದರೆ ಅವನ್ನು ಕನ್ನಡದ ನುಡಿಗೂ ಕನ್ನಡದ ನಾಡಿಗೂ ಹೊಂದಿಸಿ ಹೇಳಿದನು. ಆದುದರಿಂದಲೇ ಅದು ಭಾಷಾಂತರವೆನಿಸದೆ ನಮ್ಮ ಭಾಷೆಯ ಮೊದಲ ಉಪಲಬ್ಧ ಗ್ರಂಥವೆಂಬ ಗೌರವಕ್ಕೆ ಪಾತ್ರವಾಯಿತು. ಋಣವನ್ನು ಮರೆಮಾಚದೆ, ಋಣದಲ್ಲಿ ಮುಳುಗದೆ ಇರುವ ಈ ಬಗೆಯು ನಮ್ಮ ನೆಲಕ್ಕೆ ಹೊಸದಲ್ಲವೆಂಬದನ್ನು ಮೊದಲೇ ನೆನಪಿಸಿಕೊಂಡರೆ, ಮುಂದೆ ಹೇಳಲಿರುವ ದೂರದೇಶದ ಸಂಗೀತವು ವಾಚಕರಿಗೆ ತೀರ ಪರಕೀಯವೆನಿಸಲಾರದು.

2015ರಲ್ಲಿ ‘ಬರ್ಡ್ ಕಾಲ್ಸ್’, ಎಂದರೆ ‘ಹಕ್ಕಿಯ ಕರೆಗಳು’, ಎಂಬ ಧ್ವನಿಮುದ್ರಿಕೆಯೊಂದು ಪ್ರಕಟವಾಯಿತು. ಇದರ ಕರ್ತೃಗಳು ಶ್ರೀ ರುದ್ರೇಶ ಮಹಾಂತಪ್ಪನವರು. ಹೆಸರು ನಮ್ಮ ಚಿತ್ತಾಪುರ, ಚಿಂಚೋಳಿಗಳ ಯಾವ ಮನೆಯದಾದರೂ ಆಗಬಹುದು. ಆದರೆ ಇವರು ಹುಟ್ಟಿದ್ದು 1971ರಲ್ಲಿ ಇಟಲಿಯ ತ್ರಿಯೆಸ್ತ್ ಪಟ್ಟಣದಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊ ಸಂಸ್ಥಾನದ ಬೋಲ್ಡರ್ ಊರಿನಲ್ಲಿ. ಕರ್ನಾಟಕ ಮೂಲದ ಕುಟುಂಬ. ತಂದೆಯವರು ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪದಾರ್ಥವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಮಗನು ಆರಿಸಿಕೊಂಡದ್ದು ಜಾಝ್ ಸಂಗೀತವನ್ನು. ಅದರಲ್ಲಿಯೂ ಆಲ್ಟೊ ಸ್ಯಾಕ್ಸೋಫೋನೆಂಬ ವಾದ್ಯವನ್ನು.

ಈ ವಾದ್ಯವು ನಮ್ಮವರ ಕಣ್ಣಿಗೆ ಅಪರಿಚಿತವಲ್ಲ. ಲಗ್ನದ ಮೆರವಣಿಗೆಯ ಬ್ಯಾಂಡಿನಲ್ಲಿ ಬಾಗಿದ ಕೊರಳಿನ, ಹಿತ್ತಾಳೆಯ ಮೈಯ ವಾದ್ಯವನ್ನು ಕಾಣದವರು ವಿರಳ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವನು ಇದನ್ನು ಕಲ್ಪಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದನು. ಮೈ ಲೋಹದ್ದಾದರೂ ದನಿಯು ಹುಟ್ಟುವದು ಬಾಯಿಗಿಡುವ ಸೀಳಿದ ಬೆತ್ತದ ಎಲೆಯಿಂದ. ಆದುದರಿಂದಲೇ ಅದರಲ್ಲಿ ತುತ್ತೂರಿಯ ಗಡಸೂ ಸನಾದಿಯ ಅಳಲೂ ಒಟ್ಟಿಗೆ ಕೂಡಿವೆ. ಮಂಗಳೂರಿನ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮನಸೋತು, ನಾಗಸ್ವರದ ಮನೆತನದಿಂದ ಬಂದ ತಮ್ಮ ವಿದ್ಯೆಯನ್ನು ಇದರೊಳಗೆ ಹೊಗಿಸಿದರು. ಒತ್ತುಗುಂಡಿಗಳ ಮೇಲೆ ಬಿಡಿಬಿಡಿಯಾಗಿ ನಿಲ್ಲುವ ಸ್ವರಗಳನ್ನು ತುಟಿಯ ಮತ್ತು ಉಸಿರಿನ ಹದದಿಂದ ಗಮಕಕ್ಕೆ ಒಲಿಸಿಕೊಂಡ ಅವರ ಸಾಧನೆಯು ಲೋಕವಿದಿತವೇ ಆಗಿದೆ. ಅವರು 2019ರಲ್ಲಿ ಕಾಲವಾದರು.

ಮಹಾಂತಪ್ಪನವರು ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣನು ವಿನೋದಕ್ಕಾಗಿ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನಂತೆ. ವಿನೋದವು ವ್ರತವಾಯಿತು. 2008ರಲ್ಲಿ ಇಬ್ಬರೂ ಕೂಡಿ ‘ಕಿನ್ಸ್‌ಮೆನ್’, ಎಂದರೆ ‘ಬಂಧುಗಳು’, ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು, ಪಿಟೀಲಿಗೆ ಎ. ಕನ್ಯಾಕುಮಾರಿಯವರೂ ಮೃದಂಗಕ್ಕೆ ಪೂವಲೂರು ಶ್ರೀಜಿಯವರೂ ಇದ್ದರು. ಅದು ಸೊಗಸಾದ ಸಂಧಾನವೆಂಬದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ವಾಡಿ ಜಂಕ್ಷನ್ನಿನಲ್ಲಿ ಸೋಲಾಪುರದ ಮಾರ್ಗವೂ ಹೈದರಾಬಾದಿನ ಮಾರ್ಗವೂ ರಾಯಚೂರಿನ ಮಾರ್ಗವೂ ಕೂಡುತ್ತವೆ. ಕೂಡಿದ ಮಾತ್ರಕ್ಕೆ ಮೂರೂ ಒಂದೇ ಮಾರ್ಗವಾಗುವದಿಲ್ಲ, ಪ್ರಯಾಣಿಕನು ತನ್ನ ಗಾಡಿಯನ್ನು ತಾನೇ ಹಿಡಿಯಬೇಕಾಗುತ್ತದೆ. ಮಹಾಂತಪ್ಪನವರ ಸ್ವಂತ ಮಾರ್ಗವು ಯಾವದೆಂಬದನ್ನು ತಿಳಿಯಲು ‘ಬಂಧುಗಳು’ ಸಾಲದು. ‘ಹಕ್ಕಿಯ ಕರೆಗಳು’ ಬೇಕು. ಅದೇ ಈ ಲೇಖನದ ವಿಷಯವು.

ಹಕ್ಕಿಯೆಂದರೆ ಚಾರ್ಲಿ ಪಾರ್ಕರನು. ‘ಬರ್ಡ್’ ಎಂಬದು ಅವನ ಅಡ್ಡಹೆಸರು. 1920ರಲ್ಲಿ ಕನ್ಸಾಸ್ ಸಿಟಿಯಲ್ಲಿ ಹುಟ್ಟಿ, ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಯಾರೂ ಕೇಳರಿಯದ ವೇಗವನ್ನೂ ಮಾತುಗಾರಿಕೆಯನ್ನೂ ತೋರಿಸಿ, ವ್ಯಸನಗಳಿಂದ ಜರ್ಜರಿತನಾಗಿ 1955ರಲ್ಲಿ, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡನು. ಅವನೂ ಡಿಝಿ ಗಿಲೆಸ್ಪಿ, ಥೆಲೋನಿಯಸ್ ಮಂಕ್ ಮೊದಲಾದ ಅವನ ಸಂಗಡಿಗರೂ 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಜಾಝ್ ಶೈಲಿಗೆ ಬೆಬಾಪ್ ಎಂದು ಹೆಸರು. ಅದಕ್ಕಿಂತ ಮುಂಚೆ ಜಾಝ್ ಬಹುಮಟ್ಟಿಗೆ ಕುಣಿತಕ್ಕೆ ಒದಗುವ ಸಂಗೀತವಾಗಿತ್ತು. ಬೆಬಾಪಿನವರು ಅದನ್ನು ಕುಳಿತು ಕೇಳುವ ಸಂಗೀತವನ್ನಾಗಿ ಮಾಡಿದರು: ಲಯವು ತೀವ್ರವಾಯಿತು, ತಾನಗಳು ಅನಿರೀಕ್ಷಿತವಾದ ಮಾತ್ರೆಯಲ್ಲಿ ಹೊರಟು ಅನಿರೀಕ್ಷಿತವಾದ ಮಾತ್ರೆಯಲ್ಲಿ ನಿಂತವು, ಕೇಳುವವನ ಬುದ್ಧಿಯು ಎಚ್ಚತ್ತಿರಬೇಕಾಯಿತು.

ಬೆಬಾಪಿನ ಒಂದು ರಹಸ್ಯವನ್ನು ಇಲ್ಲಿ ಬಿಡಿಸಿ ಹೇಳುವದು ಅವಶ್ಯ. ಪಾಶ್ಚಾತ್ಯ ಹಾಡಿಗೆ ಎರಡು ಅಂಗಗಳುಂಟು. ಮೇಲೆ ಹರಿಯುವ ಧಾಟಿಯು ಒಂದು. ಅದರ ಕೆಳಗೆ ಕ್ರಮವಾಗಿ ಬದಲಾಗುತ್ತ ಸಾಗುವ ಸ್ವರಮೇಳಗಳ ಚೌಕಟ್ಟು ಇನ್ನೊಂದು. ಪಾರ್ಕರನೂ ಅವನ ಸಂಗಡಿಗರೂ ಜನಪ್ರಿಯವಾದ ಹಾಡೊಂದರ ಚೌಕಟ್ಟನ್ನು ಹಾಗೆಯೇ ಉಳಿಸಿಕೊಂಡು, ಮೇಲಣ ಧಾಟಿಯನ್ನು ಕಿತ್ತುಹಾಕಿ, ತಮ್ಮದೊಂದು ಹೊಸ ಧಾಟಿಯನ್ನು ಕೂಡಿಸುತ್ತಿದ್ದರು. ‘ಇಂಡಿಯಾನಾ’ ಎಂಬ 1917ರ ಹಾಡಿನ ಚೌಕಟ್ಟಿನ ಮೇಲೆ 1947ರಲ್ಲಿ ‘ಡೋನಾ ಲೀ’ ಹುಟ್ಟಿತು. ಗರ್ಶ್ವಿನ್ ಎಂಬವನ 1930ರ ‘ಐ ಗಾಟ್ ರಿದಮ್’ ಎಂಬ ಹಾಡಿನ ಚೌಕಟ್ಟಿನ ಮೇಲೆ ‘ಡೆಕ್ಸ್‌ಟೆರಿಟಿ’, ‘ಸ್ಟೀಪಲ್‌ಚೇಸ್’ ಎಂಬ ಎರಡು ಬೇರೆ ಬೇರೆ ಕೃತಿಗಳು ಎದ್ದು ನಿಂತವು. ನಮ್ಮವರು ಇದನ್ನು ಕೃತಿಚೌರ್ಯವೆಂದು ಕರೆಯಲಾರರು. ಒಂದೇ ರಾಗದಲ್ಲಿ ನೂರು ಚೀಜುಗಳು ಹುಟ್ಟಿದ್ದನ್ನು ಬಲ್ಲವರು ನಾವು. ವ್ಯಾಸರ ಕಥೆಯ ಮೇಲೆ ಪಂಪನು ಒಂದು ಭಾರತವನ್ನೂ ಕುಮಾರವ್ಯಾಸನು ಇನ್ನೊಂದು ಭಾರತವನ್ನೂ ಕಟ್ಟಿದ್ದನ್ನು ಓದಿ ಬೆಳೆದವರು ನಾವು.

ಹೀಗಿರಲು, ಪಾರ್ಕರನಿಗೆ ಕಾಣಿಕೆ ಸಲ್ಲಿಸಬೇಕೆಂದು ಹೊರಟವನು ಏನು ಮಾಡಬೇಕು? ಅನೇಕರು ಅವನ ಕೃತಿಗಳನ್ನೇ ಅವನಂತೆಯೇ ಬಾರಿಸಿ ತೋರಿಸಿದ್ದಾರೆ. ಮಹಾಂತಪ್ಪನವರು ಹಾಗೆ ಮಾಡಲಿಲ್ಲ. ‘ಬರ್ಡ್ ಕಾಲ್ಸ್’ನಲ್ಲಿ ಪಾರ್ಕರನ ಕೃತಿಯೊಂದೂ ಇದ್ದಂತೆ ಇಲ್ಲ, ಆದರೆ ಅಲ್ಲಿಯ ಮುಖ್ಯ ರಚನೆಗಳ ಬೀಜವು ಅವನ ಕೃತಿಗಳಲ್ಲಿದೆ. ಪಾರ್ಕರನು ಚೌಕಟ್ಟನ್ನು ಉಳಿಸಿ ಧಾಟಿಯನ್ನು ಬದಲಿಸಿದನು. ಇವರು ಅವನ ಧಾಟಿಯ ತುಣುಕುಗಳನ್ನು ಬಿಡಿಸಿಕೊಂಡು ಅವುಗಳಿಗೆ ಹೊಸ ಚೌಕಟ್ಟನ್ನು ಕಟ್ಟಿದರು. ಒಂದೇ ಗಣಿಯಿಂದೆದ್ದ ನಮ್ಮ ಶಹಾಬಾದಿ ಫರಸಿಯನ್ನು ಒಬ್ಬನು ನೆಲಕ್ಕೆ ಹಾಸುತ್ತಾನೆ, ಇನ್ನೊಬ್ಬನು ಮಾಳಿಗೆಗೆ ಹೊದಿಸುತ್ತಾನೆ, ಮತ್ತೊಬ್ಬನು ಹೊಲದ ಬದುವಿಗೆ ನಿಲ್ಲಿಸುತ್ತಾನೆ. ಕಲ್ಲು ಅದೇ; ಮನೆ ಮಾತ್ರ ಬೇರೆ. ಪಾರ್ಕರನು ತನ್ನ ಹಿರಿಯರನ್ನು ಹೇಗೆ ಬಳಸಿಕೊಂಡನೋ ಹಾಗೆಯೇ, ಆದರೆ ದಿಕ್ಕನ್ನು ತಿರುಗಿಸಿ, ಇವರು ಪಾರ್ಕರನನ್ನು ಬಳಸಿಕೊಂಡಿದ್ದಾರೆ. ಆಚಾರ್ಯನ ಮಾತನ್ನಲ್ಲ, ಆಚಾರ್ಯನ ನಡತೆಯನ್ನು ಅನುಸರಿಸಿದ ಶಿಷ್ಯತ್ವವಿದು. ನಮ್ಮ ಮತದಲ್ಲಿ ಈ ಧ್ವನಿಮುದ್ರಿಕೆಯ ಆಕರ್ಷಣೆಯ ಮೂಲವು ಇಲ್ಲಿದೆ.

ಹೆಸರುಗಳಲ್ಲಿಯೇ ಈ ಸಂಬಂಧದ ಸುಳಿವಿದೆ. ಪಾರ್ಕರನ ‘ಡೆಕ್ಸ್‌ಟೆರಿಟಿ’ ಎಂದರೆ ಕೈಚಳಕ. ಅದರಿಂದ ಹುಟ್ಟಿದ ಇವರ ಕೃತಿಯು ‘ಬೋತ್ ಹ್ಯಾಂಡ್ಸ್’, ಎರಡೂ ಕೈಗಳು. ಅವನದು ‘ನೌಸ್ ದಿ ಟೈಮ್’, ಇದೇ ತಕ್ಕ ಹೊತ್ತು. ಇವರದು ‘ಮೇಬಿ ಲೇಟರ್’, ಆಮೇಲೆ ನೋಡೋಣ. ಅವನದು ‘ಕನ್ಫರ್ಮೇಶನ್’, ದೃಢೀಕರಣ. ಇವರದು ‘ಶೂರ್ ವೈ ನಾಟ್’, ಆಗಲಿ, ಏಕಾಗಬಾರದು. ಎಲ್ಲಕ್ಕಿಂತ ರಸವತ್ತಾದದ್ದು ‘ಸ್ಟೀಪಲ್‌ಚೇಸ್’ನ ಮಾರ್ಪಾಡು. ಆ ಶಬ್ದಕ್ಕೆ ಅಡೆತಡೆಗಳನ್ನು ಹಾರಿ ಓಡುವ ಕುದುರೆಯ ಪಂದ್ಯವೆಂದರ್ಥ. ಆದರೆ ಅದರೊಳಗಿನ ‘ಸ್ಟೀಪಲ್’ ಎಂಬದು ಇಗರ್ಜಿಯ ಚೂಪಾದ ಶಿಖರ. ಮಹಾಂತಪ್ಪನವರು ಆ ಶಿಖರವನ್ನು ಹಿಡಿದು ತಮ್ಮ ಕೃತಿಗೆ ‘ಗೋಪುರಮ್’ ಎಂದು ಹೆಸರಿಟ್ಟರು. ಇದು ಬರಿಯ ಚಾಟೂಕ್ತಿಯಲ್ಲ. ಕೃತಿಯನ್ನು ಕೇಳಿದಾಗ ಸ್ಯಾಕ್ಸೋಫೋನಿನ ದನಿಯು ಸ್ವರದಿಂದ ಸ್ವರಕ್ಕೆ ಜಿಗಿಯದೆ ಜಾರಿಕೊಂಡು ಏರುವಲ್ಲಿ, ಗುಡಿಯ ಮುಂದಿನ ವಾದ್ಯದ ನೆನಪು ಸಹಜವಾಗಿಯೇ ಆಗುತ್ತದೆ. ಕುದುರೆಯ ಓಟವು ಗೋಪುರದ ನಿಲುವಾಗಿದೆ.

‘ಮೇಬಿ ಲೇಟರ್’ನಲ್ಲಿ ಈ ವಿಧಾನವು ಇನ್ನೂ ಸ್ಪಷ್ಟ. ಪಾರ್ಕರನು ‘ನೌಸ್ ದಿ ಟೈಮ್’ನಲ್ಲಿ ಬಾರಿಸಿದ ಮನೋಧರ್ಮದ ಲಯವನ್ನು ಇಟ್ಟುಕೊಂಡು ಸ್ವರಗಳನ್ನು ಬದಲಿಸಲಾಗಿದೆ. ಕೇಳುವವನಿಗೆ ಪರಿಚಿತನೊಬ್ಬನು ದೂರದಲ್ಲಿ ನಡೆದು ಬರುತ್ತಿರುವಂತೆ ಭಾಸವಾಗುತ್ತದೆ. ಹೆಜ್ಜೆಯ ಗತಿಯನ್ನು ಬಲ್ಲೆವು, ಹತ್ತಿರ ಬಂದಾಗ ಮುಖವು ಬೇರೆ. ಮೃದಂಗದ ಜತಿಯನ್ನು ಉಳಿಸಿ ಸಾಹಿತ್ಯವನ್ನು ಬದಲಿಸಿದರೆ ಆಗುವ ಅನುಭವವನ್ನು ವಾಚಕರು ಊಹಿಸಿಕೊಳ್ಳಬಹುದು.

ಪರಿವಾರದ ಮಾತನ್ನೂ ಹೇಳಬೇಕು. ಪಿಯಾನೋಕ್ಕೆ ಮ್ಯಾಟ್ ಮಿಚೆಲ್, ಮಂದ್ರದ ತಂತಿವಾದ್ಯಕ್ಕೆ ಫ್ರಾನ್ಸ್ವಾ ಮುತಾಂ, ಡ್ರಮ್ಮಿಗೆ ರೂಡಿ ರಾಯ್‌ಸ್ಟನ್, ಟ್ರಂಪೆಟ್ಟಿಗೆ ಆಡಮ್ ಓಫಾರಿಲ್. ಸ್ಯಾಕ್ಸೋಫೋನು, ಟ್ರಂಪೆಟ್ಟು, ಪಿಯಾನೋ, ಮಂದ್ರ, ಡ್ರಮ್ಮು ಎಂಬ ಈ ಐದರ ಕೂಟವೇ ಪಾರ್ಕರನ ಮೇಳದ ಪ್ರಸಿದ್ಧ ಕಟ್ಟು. ಹೊರಗಿನ ಆಕಾರದಲ್ಲಿ ಇವರು ಅವನಿಗೆ ಪೂರ್ಣ ವಿಧೇಯರು. ಆಡಮ್ ಓಫಾರಿಲ್ ಆಗ ಇಪ್ಪತ್ತರ ಆಸುಪಾಸಿನ ತರುಣ. ಅವನ ಅಜ್ಜನಾದ ಚಿಕೊ ಓಫಾರಿಲ್ ರಚಿಸಿದ ‘ಆಫ್ರೋ-ಕ್ಯೂಬನ್ ಜಾಝ್ ಸ್ವೀಟ್’ ಎಂಬ ಕೃತಿಮಾಲೆಯಲ್ಲಿ 1950ರಲ್ಲಿ ಸ್ವತಃ ಪಾರ್ಕರನೇ ನುಡಿಸಿದ್ದನು. ಒಬ್ಬನಿಗೆ ಪರಂಪರೆಯು ಮನೆತನದಿಂದ ಬಂದದ್ದು, ಇನ್ನೊಬ್ಬರಿಗೆ ಕಿವಿಯಿಂದ ಬಂದದ್ದು. ಇಬ್ಬರೂ ಜೊತೆಯಾಗಿ ನುಡಿಸುವಾಗ ಯಾರದು ಯಾವ ಬಗೆಯ ಹಕ್ಕೆಂದು ಕಿವಿಯು ಗುರುತಿಸಲಾರದು. ವಿದ್ಯೆಯ ಆಸ್ತಿಯಲ್ಲಿ ಔರಸ ದತ್ತಕಗಳ ಭೇದವಿಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಲ್ಲಿಯವರೆಗೆ ಬುದ್ಧಿಯ ಮಾತಾಯಿತು. ಇಷ್ಟು ಬುದ್ಧಿಯುಳ್ಳ ಸಂಗೀತದಲ್ಲಿ ಎದೆ ಉಂಟೋ ಇಲ್ಲವೋ ಎಂಬದು ವಿಮರ್ಶಕನು ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ಬೆಬಾಪಿನ ಮೇಲೆ ಈ ಆಕ್ಷೇಪವು ಮೊದಲಿನಿಂದಲೂ ಇದ್ದಿತು. ಅದಕ್ಕೆ ಉತ್ತರವೋ ಎಂಬಂತೆ 1950ರ ದಶಕದ ಕೊನೆಗೂ ಮುಂದಿನ ದಶಕದಲ್ಲಿಯೂ ‘ಸೋಲ್ ಜಾಝ್’, ಆತ್ಮದ ಜಾಝ್, ಎಂಬ ಕವಲು ಬೆಳೆಯಿತು. ಕರಿಯರ ಇಗರ್ಜಿಯ ಭಜನೆಯನ್ನೂ ‘ಬ್ಲೂಸ್’ ಎಂಬ ಅವರ ದುಃಖದ ಹಾಡನ್ನೂ ಜಾಝಿನೊಳಗೆ ಮತ್ತೆ ಕರೆತಂದ ಕವಲಿದು. ಪಾರ್ಕರನು ತೀರಿಕೊಂಡ 1955ರಲ್ಲಿಯೇ ನ್ಯೂಯಾರ್ಕಿಗೆ ಬಂದು, ಎರಡನೆಯ ಹಕ್ಕಿಯೆಂದು ಹೊಗಳಿಸಿಕೊಂಡ ಕ್ಯಾನನ್‌ಬಾಲ್ ಆಡರ್ಲಿಯೇ ಇದರ ಮುಂದಾಳುಗಳಲ್ಲಿ ಒಬ್ಬನು. ಅವನ ಮೇಳವು 1966ರಲ್ಲಿ ನುಡಿಸಿದ ‘ಮರ್ಸಿ, ಮರ್ಸಿ, ಮರ್ಸಿ’ ಜನಸಾಮಾನ್ಯರ ಬಾಯಿಯಲ್ಲಿಯೂ ನಿಂತಿತು. ನಮ್ಮಲ್ಲಿ ಏಕತಾರಿ ದಮ್ಮಡಿಗಳೊಡನೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹೇಳುವಾಗ ಒಬ್ಬರು ನುಡಿಯನ್ನೆತ್ತಿದರೆ ಉಳಿದವರು ಪಲ್ಲವನ್ನು ಹಿಡಿಯುತ್ತಾರಷ್ಟೆ? ಆ ಕರೆ-ಓಗೊಡುವಿಕೆಯ ಬಿಸಿಯೇ ಸೋಲ್ ಜಾಝಿನ ಜೀವಾಳವು. ವಸ್ತುತಃ ಬೆಬಾಪಿಗೂ ಸೋಲ್ ಜಾಝಿಗೂ ಬೇರು ಒಂದೇ. ಪಾರ್ಕರನ ‘ನೌಸ್ ದಿ ಟೈಮ್’ ಕೂಡ ಬ್ಲೂಸೇ ಆಗಿದೆ, ಅವನ 1948ರ ‘ಪಾರ್ಕರ್ಸ್ ಮೂಡ್’ ಅಂತೂ ಬ್ಲೂಸಿನ ಶುದ್ಧ ನಿಟ್ಟುಸಿರಾಗಿದೆ.

ಈ ಪ್ರಶ್ನೆಗೆ ಮಹಾಂತಪ್ಪನವರು ಕೊಡುವ ಉತ್ತರವು ಆ ‘ಪಾರ್ಕರ್ಸ್ ಮೂಡ್’ನಿಂದಲೇ ಹುಟ್ಟಿದೆ. ತಮ್ಮ ಮಗನ ಹೆಸರಿನಿಂದ ಕರೆದು, ಅವನು ಯೋಚಿಸುತ್ತಿದ್ದಾನೆಂಬ ಅರ್ಥ ಬರುವಂತೆ ಶೀರ್ಷಿಕೆಯಿಟ್ಟ ನಿಧಾನಗತಿಯ ಕೃತಿಯದು. ಪಾರ್ಕರನ ಉದ್ಗಾರವು ಇಲ್ಲಿ ವಿಲಂಬಿತಕ್ಕಿಳಿದಿದೆ. ಒಂದೊಂದು ಸ್ವರವನ್ನೂ ಉಸಿರು ತೀರುವವರೆಗೆ ಹಿಡಿದು, ಮುಂದಿನದಕ್ಕೆ ಅವಸರವಿಲ್ಲದೆ ಹೋಗುವ ರೀತಿಯಲ್ಲಿ ದುಃಖಕ್ಕಿಂತ ಗಾಂಭೀರ್ಯವೇ ಹೆಚ್ಚು. ತಾತನಂಥ ಹಿರಿಯನ ಹಾಡನ್ನು ಮಗುವಿನ ಹೆಸರಿಗೆ ಸೇರಿಸಿದ ಔಚಿತ್ಯವನ್ನು ಗೃಹಸ್ಥರಾದ ವಾಚಕರಿಗೆ ವಿವರಿಸಬೇಕಾದದ್ದಿಲ್ಲ. ಧ್ವನಿಮುದ್ರಿಕೆಯ ಎಲ್ಲ ಭಾಗಗಳು ಮರೆತುಹೋದರೂ ಇದೊಂದು ಉಳಿಯಬಲ್ಲದು.

ದೋಷಗಳನ್ನು ಹೇಳದಿದ್ದರೆ ಸ್ತುತಿಯು ವಿಮರ್ಶೆಯಾಗುವದಿಲ್ಲ. ಒಂದನೆಯದಾಗಿ, ಮುಖ್ಯ ಕೃತಿಗಳ ನಡುನಡುವೆ ‘ಬರ್ಡ್ ಕಾಲ್ಸ್’ ಎಂದೇ ಹೆಸರಿಟ್ಟು ಸಂಖ್ಯೆ ಹಾಕಿದ ಚಿಕ್ಕ ತುಣುಕುಗಳಿವೆ. ಬಡಾ ಖ್ಯಾಲಿಗೆ ಮುಂಚಿನ ಆಲಾಪದಂತೆ ಅವು ಮುಂದಿನ ಕೃತಿಗೆ ಬಾಗಿಲು ತೆರೆಯಬೇಕು. ಕೆಲವು ತೆರೆಯುತ್ತವೆ, ಕೆಲವು ಬಾಗಿಲ ಮುಂದೆ ನಿಂತು ತಿರುಗಿ ಹೋಗುತ್ತವೆ. ಎರಡನೆಯದಾಗಿ, ವೇಗದ ಕೃತಿಗಳಲ್ಲಿ ಸ್ಯಾಕ್ಸೋಫೋನು ಟ್ರಂಪೆಟ್ಟುಗಳು ಹೆಣೆದುಕೊಂಡು ಓಡುವಾಗ ಕೆಳಗಿನ ಡ್ರಮ್ಮೂ ಸುಮ್ಮನಿರದೆ ಮಾತಿಗೆ ಮಾತು ಸೇರಿಸುತ್ತದೆ. ಕೇಳುವವನಿಗೆ ಕಾಲೂರಲು ಸ್ಥಳವಿಲ್ಲದಂತಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು: ಪಾರ್ಕರನನ್ನು ಅರಿಯದವನಿಗೆ ಈ ಕೃತಿಗಳ ಅರ್ಧ ಸ್ವಾರಸ್ಯವು ದಕ್ಕುವದಿಲ್ಲ. ಪಂಪನ ವಾಚಕನು ವ್ಯಾಸರನ್ನು ಓದಿದ್ದರೆ ಲೇಸು. ಓದದಿದ್ದರೂ ಪಂಪನು ಅವನನ್ನು ಬರಿಗೈಯಲ್ಲಿ ಕಳಿಸುವದಿಲ್ಲ. ಆ ಪರೀಕ್ಷೆಯಲ್ಲಿ ‘ಗೋಪುರಮ್’ ಗೆಲ್ಲುತ್ತದೆ, ಮೇಲೆ ಹೇಳಿದ ವಿಲಂಬಿತದ ಕೃತಿಯೂ ಗೆಲ್ಲುತ್ತದೆ. ‘ಬೋತ್ ಹ್ಯಾಂಡ್ಸ್’ನಂಥ ಕೃತಿಯು ಚಮತ್ಕಾರದಲ್ಲಿಯೇ ನಿಂತುಬಿಡುತ್ತದೆ.

ಇನ್ನು ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು. ಇಂದು ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿ ಒಬ್ಬ ಮಗನೋ ಮಗಳೋ ಪರದೇಶದಲ್ಲಿರುವದು ಸಾಮಾನ್ಯವಾಗಿದೆ. ಅಲ್ಲಿ ಹುಟ್ಟಿದ ಮೊಮ್ಮಕ್ಕಳು ನಮ್ಮವರಾಗಿ ಉಳಿದಾರೆಯೇ ಎಂಬ ಚಿಂತೆಯು ಹಿರಿಯರನ್ನು ಕಾಡುವದೂ ಸಾಮಾನ್ಯವಾಗಿದೆ. ಮಹಾಂತಪ್ಪ ಎಂಬ ಹೆಸರನ್ನು ಕೇಳಿದೊಡನೆ ‘ಇವನು ನಮ್ಮವನು’ ಎಂದು ಎದೆಯುಬ್ಬಿಸುವ ಆಸೆಯು ಆ ಚಿಂತೆಯದೇ ಇನ್ನೊಂದು ಮುಖವು. ಆದರೆ ಆ ಆಸೆಗೆ ಈ ಧ್ವನಿಮುದ್ರಿಕೆಯು ಅಷ್ಟು ಸುಲಭವಾಗಿ ಮಣಿಯುವದಿಲ್ಲ. ಹಿಂದೆ 2004ರಲ್ಲಿ ಅವರು ‘ಮದರ್ ಟಂಗ್’, ಎಂದರೆ ‘ಮಾತೃಭಾಷೆ’, ಎಂಬ ಧ್ವನಿಮುದ್ರಿಕೆಯನ್ನು ಪ್ರಕಟಿಸಿದ್ದರು. ‘ನೀವು ಇಂಡಿಯನ್ ಭಾಷೆಯನ್ನು ಮಾತನಾಡುತ್ತೀರಾ’ ಎಂಬಂಥ ಅಲ್ಲಿಯವರ ಅರಿಯದ ಪ್ರಶ್ನೆಗೆ ಬೇರೆ ಬೇರೆ ನುಡಿಗಳ ಭಾರತೀಯರು ಕೊಟ್ಟ ಉತ್ತರಗಳ ಏರಿಳಿತವನ್ನು ಸ್ವರಕ್ಕಿಳಿಸಿ, ಅವುಗಳಿಂದ ಕೃತಿಗಳನ್ನು ಕಟ್ಟಿದ್ದರು. ಅವುಗಳಲ್ಲಿ ಒಂದರ ಹೆಸರು ‘ಕನ್ನಡ’. ಭಾರತೀಯನೆಂದ ಮೇಲೆ ಹೀಗೆಯೇ ಇರಬೇಕೆಂದು ಹೊರಗಿನವರು ಹಾಕುವ ಅಚ್ಚನ್ನು ಅವರು ಅಲ್ಲಿ ಒಡೆದರು. ನಮ್ಮವನಾದ ಮೇಲೆ ನಮ್ಮ ರಾಗವನ್ನೇ ನುಡಿಸಬೇಕೆಂದು ನಾವು ಹಾಕುವ ಅಚ್ಚನ್ನು ‘ಬರ್ಡ್ ಕಾಲ್ಸ್’ನಲ್ಲಿ ಒಡೆದಿದ್ದಾರೆ. ಕರಿಯರ ನೋವಿನಿಂದಲೂ ಜಾಣ್ಮೆಯಿಂದಲೂ ಹುಟ್ಟಿದ ಕಲೆಯೊಂದರ ವಾರಸುದಾರಿಕೆಯನ್ನು ಅವರು ಹುಟ್ಟಿನಿಂದಲ್ಲ, ಅಭ್ಯಾಸದಿಂದ ಪಡೆದಿದ್ದಾರೆ. ಅದೇ ಅಭ್ಯಾಸದೊಳಗಿಂದ, ಕರೆಯದೆಯೇ, ಒಂದು ಗೋಪುರವು ಎದ್ದಿದೆ. ಬಲವಂತದಿಂದ ಉಳಿಸಿಕೊಂಡ ಪರಂಪರೆಗಿಂತ ಹೀಗೆ ತಾನಾಗಿ ತಲೆಯೆತ್ತಿದ ಪರಂಪರೆಯು ಹೆಚ್ಚು ಬಾಳುವದೆಂದು ನಾವು ನಂಬುತ್ತೇವೆ. ಮೊಮ್ಮಕ್ಕಳ ವಿಷಯದಲ್ಲಿ ಹಿರಿಯರು ಸ್ವಲ್ಪ ಧೈರ್ಯ ತಾಳಬಹುದು.

ಕೇಳಬೇಕೆನ್ನುವವರಿಗೆ ಒಂದೆರಡು ಸೂಚನೆಗಳು. ಮೊದಲು ಪಾರ್ಕರನ ‘ನೌಸ್ ದಿ ಟೈಮ್’ ಕೇಳಿರಿ. ಎರಡು ಮೂರು ಸಲ ಕೇಳಿ, ಅದರ ಲಯವು ಬೆರಳಿಗೆ ಹತ್ತಿದ ಮೇಲೆ ‘ಮೇಬಿ ಲೇಟರ್’ಗೆ ಬನ್ನಿರಿ. ‘ಪಾರ್ಕರ್ಸ್ ಮೂಡ್’ ಆದ ಮೇಲೆ ಅದರ ಮರಿಯಾದ ವಿಲಂಬಿತವನ್ನು ರಾತ್ರಿಯ ಹೊತ್ತು, ಮನೆಯ ಗಲಾಟೆ ಅಡಗಿದಾಗ ಕೇಳುವದು ಒಳಿತು. ಪೂರ್ತಿ ಧ್ವನಿಮುದ್ರಿಕೆಯನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸುವ ಹಟ ಬೇಡ. ರಾಗಸಂಗೀತಕ್ಕೆ ಒಗ್ಗಿದ ನಮ್ಮ ಕಿವಿಗೆ ಷಡ್ಜವು ಮತ್ತೆ ಮತ್ತೆ ಸ್ಥಳ ಬದಲಿಸುವಂತೆ ತೋರಿ ಮೊದಲು ದಿಗಿಲಾಗುವದು ಸಹಜ. ಆಗ ಧಾಟಿಯನ್ನು ಬಿಟ್ಟು ಲಯವನ್ನು ಹಿಡಿದರೆ ದಾರಿ ತಪ್ಪುವದಿಲ್ಲ.

ಮಾನ್ಯಖೇಟದ ಅರಮನೆಯು ಮಣ್ಣುಗೂಡಿತು. ಅಲ್ಲಿ ಹುಟ್ಟಿದ ಗ್ರಂಥವು ಉಳಿಯಿತು. ಅದು ಪರರಿಂದ ಕೊಂಡುದನ್ನು ತನ್ನ ನೆಲಕ್ಕೆ ಹೊಂದಿಸಿ ಬೆಳೆದದ್ದರಿಂದ ಉಳಿಯಿತು. ಋಣವನ್ನು ಹೆಸರಿಟ್ಟು ಒಪ್ಪಿಕೊಂಡು, ಅಸಲಿಗೆ ತನ್ನ ದುಡಿಮೆಯನ್ನು ಬಡ್ಡಿಯಾಗಿ ಕೂಡಿಸಿ ಹಿಂದಿರುಗಿಸಿದ ಕಲೆಗಾರನು ಯಾವ ದೇಶದವನಾದರೂ, ಯಾವ ವಾದ್ಯದವನಾದರೂ, ಸಹೃದಯರ ಸಭೆಯಲ್ಲಿ ಅವನಿಗೆ ಆಸನವುಂಟು.